ಸೆಲ್ಫ್ ತಿರುಗುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ: ಬಿಡಿಭಾಗ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಕೃಷ್ಣಾ ನದಿಯ ದಂಡೆಯಲ್ಲಿರುವ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂತಹ ಗ್ರಾಮಗಳಲ್ಲಿ ವ್ಯಾಪಾರವು ಸಣ್ಣ ವಾಹನಗಳನ್ನು ನಂಬಿ ನಡೆಯುತ್ತದೆ. ಕಿರಾಣಿ ಸಾಮಾನು, ಗೊಬ್ಬರ, ಬೀಜ, ಪಂಪಸೆಟ್ಟಿನ ಬಿಡಿಭಾಗ, ಹಾಲು, ತರಕಾರಿ ಇವೆಲ್ಲವೂ ರಾಯಬಾಗ, ಕುಡಚಿ, ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳ ಪೇಟೆಗೂ ಗಡಿಯಾಚೆಯ ಮಿರಜ, ಸಾಂಗ್ಲಿಗಳ ಪೇಟೆಗೂ ಕಾರು, ವ್ಯಾನು, ಪಿಕಪ್ಪುಗಳಲ್ಲಿಯೇ ಹೋಗಿಬರುತ್ತವೆ. ಬೆಳಗಿನ ಜಾವ ಸರಕು ಹೇರಿ ನಿಂತ ವಾಹನ ಸ್ಟಾರ್ಟ್ ಆಗದಿದ್ದರೆ ಆ ದಿನದ ವಹಿವಾಟು ಕೆಡುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಬದಲಿ ವಾಹನ ಸಿಗುವುದೂ ಕಷ್ಟ.

ಇಂತಹ ಸಂದರ್ಭದಲ್ಲಿ ಮಾಲೀಕರಿಗೆ ಆಗುವ ನಷ್ಟ ಎರಡು ಬಗೆಯದು. ಮೊದಲನೆಯದು ಕೆಟ್ಟಿರುವ ಭಾಗದ ಬೆಲೆ. ಎರಡನೆಯದು ಕೆಡದೇ ಇದ್ದರೂ ಅನುಮಾನದ ಮೇಲೆ ಬದಲಿಸಲಾದ ಭಾಗಗಳ ಬೆಲೆ. ಅನೇಕ ವೇಳೆ ಎರಡನೆಯದೇ ಮೊದಲನೆಯದನ್ನು ಮೀರಿಸುತ್ತದೆ. ಮೊದಲು ಬ್ಯಾಟರಿ, ಆಮೇಲೆ ಪ್ಲಗ್ಗು, ಆಮೇಲೆ ಪಂಪು ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ದೋಷ ಸಿಕ್ಕರೂ ಲಾಭ ಉಳಿಯುವುದಿಲ್ಲ. ಆದುದರಿಂದ ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಎಂಜಿನ್ನಿನ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಯಾವ ಹಂತದಲ್ಲಿ ಖರ್ಚಿಗೆ ಒಪ್ಪಬೇಕು ಎಂಬುದನ್ನು ವಾಹನದ ಮಾಲೀಕರೂ ಬಿಡಿಭಾಗದ ವ್ಯಾಪಾರಸ್ಥರೂ ತಿಳಿದಿರುವುದು ಅವಶ್ಯ.

ಎರಡು ದೂರುಗಳ ವ್ಯತ್ಯಾಸ

"ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೂರುಗಳು ಅಡಗಿವೆ. ಚಾವಿ ತಿರುಗಿಸಿದಾಗ ಸೆಲ್ಫ್ ಮೋಟಾರು ತಿರುಗದೇ ಇರುವುದು, ಅಥವಾ ಬರೀ "ಟಕ್" ಎಂದು ನಿಲ್ಲುವುದು ಒಂದು. ಇದರಲ್ಲಿ ಬ್ಯಾಟರಿ, ಅದರ ಟರ್ಮಿನಲ್ಲು, ಅರ್ಥ್ ತಂತಿ, ಸೆಲ್ಫ್ ಮೋಟಾರು ಇವುಗಳನ್ನು ನೋಡಬೇಕು. ಸೆಲ್ಫ್ ಸರಿಯಾದ ವೇಗದಲ್ಲಿ ಎಂಜಿನ್ನನ್ನು ತಿರುಗಿಸಿದರೂ ಎಂಜಿನ್ ತಾನಾಗಿ ಉರಿದು ಓಡದೇ ಇರುವುದು ಇನ್ನೊಂದು. ಈ ಲೇಖನದ ವಿಷಯ ಇದೇ ಎರಡನೆಯ ದೂರು.

ಹಿಂದಿನ ಕಾಲದಲ್ಲಿ ಎಂಜಿನ್ನನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಲಾಗುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿತು. ಆದರೆ ಸ್ಟಾರ್ಟರಿನ ಕೆಲಸ ಎಂಜಿನ್ನನ್ನು ತಿರುಗಿಸುವುದಷ್ಟೇ. ಉರಿಯುವ ಕೆಲಸ ಎಂಜಿನ್ನಿನದು. ಸೆಲ್ಫ್ ತಿರುಗುತ್ತಿರುವಾಗ ಸೆಲ್ಫ್ ಮೋಟಾರನ್ನು ಬದಲಿಸುವುದು ಈ ವ್ಯತ್ಯಾಸವನ್ನು ಮರೆತದ್ದರ ಫಲ.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಸೆಲ್ಫ್ ನಿಧಾನವಾಗಿ, ಎಳೆದಂತೆ ತಿರುಗುತ್ತಿದ್ದರೆ ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿಯು ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 10 ವೋಲ್ಟಿನ ಆಸುಪಾಸಿನಲ್ಲಿ ಉಳಿಯಬೇಕು, 9.5 ವೋಲ್ಟಿಗಿಂತ ಕೆಳಗಿಳಿದರೆ ಎಂಜಿನ್ ತಿರುಗಿದರೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರು, ಪಂಪು, ಕಾಯಿಲ್ಲು ಸರಿಯಾಗಿ ಕೆಲಸ ಮಾಡಲಾರವು. ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರು ಈ ಸಂದೇಹವನ್ನು ಒಂದೇ ನಿಮಿಷದಲ್ಲಿ ಬಗೆಹರಿಸುತ್ತದೆ.

ಎಂಜಿನ್ ಉರಿಯಲು ಏನು ಬೇಕು

1876ರಲ್ಲಿ ಜರ್ಮನಿಯ ನಿಕೊಲಾಸ್ ಓಟ್ಟೊ ಅವರು ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನಿನ ತತ್ತ್ವವೇ ಇಂದಿನ ಪೆಟ್ರೋಲ್ ಕಾರಿನಲ್ಲಿಯೂ ಇದೆ. ಅದಕ್ಕೆ ಮೂರು ವಸ್ತುಗಳು ಬೇಕು: ಗಾಳಿಯೊಂದಿಗೆ ಸರಿಯಾದ ಪ್ರಮಾಣದಲ್ಲಿ ಬೆರೆತ ಇಂಧನ, ಕಿಡಿ ಮತ್ತು ಒತ್ತಡ, ಅಂದರೆ ಕಂಪ್ರೆಶನ್. ಈ ಮೂರೂ ಸರಿಯಾದ ಹೊತ್ತಿಗೆ ಕೂಡಬೇಕು. ಈ ಹೊತ್ತನ್ನೇ ಟೈಮಿಂಗ್ ಎನ್ನುತ್ತಾರೆ. ರುಡಾಲ್ಫ್ ಡೀಸೆಲ್ ಅವರು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಡ. ಅದರಲ್ಲಿ ಗಾಳಿಯನ್ನು ಬಲವಾಗಿ ಒತ್ತುವುದರಿಂದ ಹುಟ್ಟುವ ಶಾಖವೇ ಡೀಸೆಲನ್ನು ಹೊತ್ತಿಸುತ್ತದೆ.

ತಿರುಗುವ ಆದರೆ ಉರಿಯದ ಎಂಜಿನ್ನಿನಲ್ಲಿ ಇವುಗಳಲ್ಲಿ ಒಂದು ಖಂಡಿತವಾಗಿ ಇಲ್ಲ. ಪರೀಕ್ಷೆಯ ಉದ್ದೇಶ ಯಾವುದು ಇಲ್ಲ ಎಂಬುದನ್ನು ಗೊತ್ತುಮಾಡುವುದೇ ಆಗಿದೆ. ಇರುವುದನ್ನು ಇದೆ ಎಂದು ಸಿದ್ಧಪಡಿಸಿ ಬದಿಗಿಡುತ್ತ ಹೋದರೆ ಇಲ್ಲದಿರುವುದು ತಾನಾಗಿ ಉಳಿಯುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಎಂಜಿನ್ ಬಿಚ್ಚುವ ಪರೀಕ್ಷೆ ಕೊನೆಗೆ ಎಂಬುದು ಈ ಕ್ರಮದ ನಿಯಮ.

ಮೊದಲ ಐದು ನಿಮಿಷ: ಉಪಕರಣವಿಲ್ಲದ ಪರೀಕ್ಷೆಗಳು

1. ಟ್ಯಾಂಕಿನಲ್ಲಿ ಇಂಧನವಿದೆಯೇ? ಮುಳ್ಳು ಕಾಲು ಭಾಗ ತೋರಿಸುತ್ತಿದ್ದರೂ ತೇಲುವ ಉಪಕರಣ ಸಿಕ್ಕಿಕೊಂಡಿದ್ದರೆ ಟ್ಯಾಂಕು ಬರಿದಾಗಿರಬಹುದು. ಸಿಎನ್‌ಜಿ ಜೋಡಿಸಿದ ಅನೇಕ ವಾಹನಗಳು ಪೆಟ್ರೋಲಿನ ಮೇಲೆಯೇ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಬದಲಾಗುತ್ತವೆ. ಉಳಿತಾಯದ ಆಸೆಯಿಂದ ಪೆಟ್ರೋಲನ್ನೇ ಹಾಕಿಸದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಅದಲ್ಲದೆ ಒಣಗಿದ ಟ್ಯಾಂಕಿನಲ್ಲಿ ತಿರುಗಿದ ಪಂಪೂ ಬೇಗ ಸುಡುತ್ತದೆ.

2. ಕಳ್ಳತನ ತಡೆಯುವ ಇಮೊಬಿಲೈಸರಿನ ದೀಪವನ್ನು ನೋಡಬೇಕು. ಚಾವಿ ಹಾಕಿದ ಮೇಲೂ ಚಾವಿಯ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತಲೇ ಇದ್ದರೆ ಕಂಪ್ಯೂಟರು ಚಾವಿಯನ್ನು ಗುರುತಿಸಿಲ್ಲವೆಂದು ತಿಳಿಯಬೇಕು. ಆಗ ಅನೇಕ ವಾಹನಗಳಲ್ಲಿ ಸೆಲ್ಫ್ ತಿರುಗುತ್ತದೆ, ಇಂಧನ ಮಾತ್ರ ಬಿಡುಗಡೆಯಾಗುವುದಿಲ್ಲ. ಇನ್ನೊಂದು ಚಾವಿಯಿಂದ ಪ್ರಯತ್ನಿಸಬೇಕು.

3. ಚೆಕ್ ಎಂಜಿನ್ ದೀಪವು ಚಾವಿ ಆನ್ ಮಾಡಿದೊಡನೆ ಹತ್ತಬೇಕು. ಅದು ಹತ್ತದಿದ್ದರೆ ಎಂಜಿನ್ನಿನ ಕಂಪ್ಯೂಟರಿಗೇ ವಿದ್ಯುತ್ತು ತಲುಪುತ್ತಿಲ್ಲದಿರುವ ಸಂಭವವಿದೆ. ಮುಖ್ಯ ಫ್ಯೂಸು ಮತ್ತು ಮುಖ್ಯ ರಿಲೇಯನ್ನು ನೋಡಬೇಕು.

4. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಚಾವಿ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಸುಮಾರು ಎರಡು ಸೆಕೆಂಡು ಪಂಪಿನ "ಗುಂಯ್" ಎಂಬ ಶಬ್ದ ಕೇಳಬೇಕು. ಶಬ್ದ ಬಂದರೆ ಪಂಪು ತಿರುಗುತ್ತಿದೆ ಎಂದಷ್ಟೇ ಅರ್ಥ. ಒತ್ತಡ ಸಾಕಷ್ಟಿದೆ ಎಂದಲ್ಲ.

5. ಸೆಲ್ಫ್ ಹೊಡೆಯುವಾಗಿನ ಶಬ್ದಕ್ಕೆ ಕಿವಿಗೊಡಬೇಕು. ಒತ್ತಡ ಸರಿಯಿರುವ ಎಂಜಿನ್ ತಾಳ ಹಾಕಿದಂತೆ ಏರಿಳಿಯುತ್ತ ತಿರುಗುತ್ತದೆ. ಏರಿಳಿತವಿಲ್ಲದೆ ಹಗುರವಾಗಿ, ಎಂದಿಗಿಂತ ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟು ಹರಿದಿರಬಹುದು. ಅಲ್ಲಿಗೇ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಬೇಕು. ಏಕೆಂದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಹಾನಿ ದೊಡ್ಡದಾಗುತ್ತದೆ.

6. ಆರ್‌ಪಿಎಂ ಮೀಟರು ಇದ್ದಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪವಾದರೂ ಏಳುವುದೇ ಎಂದು ನೋಡಬೇಕು. ಅನೇಕ ವಾಹನಗಳಲ್ಲಿ ಮುಳ್ಳು ಅಲುಗಾಡದಿದ್ದರೆ ಕ್ರ್ಯಾಂಕ್ ಸೆನ್ಸರಿನ ಮೇಲೆ ಸಂಶಯಪಡಲು ಕಾರಣವಿದೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಈ ಸೆನ್ಸರಿನಿಂದ ಬಾರದಿದ್ದರೆ ಕಂಪ್ಯೂಟರು ಕಿಡಿಯನ್ನಾಗಲಿ ಇಂಧನವನ್ನಾಗಲಿ ಕೊಡುವುದಿಲ್ಲ.

7. ಬಾನೆಟ್ ತೆರೆದು ತಂತಿಗಳನ್ನು ಕಣ್ಣಿನಿಂದ ನೋಡಬೇಕು. ಕಬ್ಬಿನ ಗದ್ದೆ, ಧಾನ್ಯದ ಗೋದಾಮುಗಳ ಬಳಿ ನಿಲ್ಲುವ ವಾಹನಗಳಲ್ಲಿ ಇಲಿಗಳು ತಂತಿ ಕಡಿಯುವುದು ಸಾಮಾನ್ಯ.

ಈ ಪರೀಕ್ಷೆಗಳಲ್ಲಿ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲವಾದರೆ ಸರಿಯಿದ್ದ ಬ್ಯಾಟರಿಯೂ ಸೆಲ್ಫ್ ಮೋಟಾರೂ ಕೆಟ್ಟು, ಒಂದು ದೋಷ ಮೂರಾಗುತ್ತದೆ.

ಪೆಟ್ರೋಲ್ ಎಂಜಿನ್: ಕಿಡಿಯೋ, ಇಂಧನವೋ?

ಪೆಟ್ರೋಲ್ ಎಂಜಿನ್ನಿನಲ್ಲಿ ಮೊದಲ ನಿರ್ಣಯ ಕಿಡಿಯ ವಿಷಯದಲ್ಲಿ ಆಗಬೇಕು. ಗ್ಯಾರೇಜಿನ ಭಾಷೆಯಲ್ಲಿ ಇದನ್ನು "ಕರೆಂಟ್ ಬರುತ್ತಿದೆಯೇ" ಎಂದು ಕೇಳುತ್ತಾರೆ. ಇದಕ್ಕಾಗಿ ಸ್ಪಾರ್ಕ್ ಟೆಸ್ಟರನ್ನು ಬಳಸುವುದು ಕ್ಷೇಮಕರ. ತಂತಿಯನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ನೋಡುವ ಹಳೆಯ ರೂಢಿಯಿಂದ ಶಾಕ್ ಹೊಡೆಯುವುದಲ್ಲದೆ, ಇಂದಿನ ವಾಹನಗಳ ಕಾಯಿಲ್ಲು ಮತ್ತು ಕಂಪ್ಯೂಟರು ಸುಡುವ ಭಯವೂ ಇದೆ. ಪರೀಕ್ಷೆಯ ಸ್ಥಳದಲ್ಲಿ ಪೆಟ್ರೋಲ್ ಸೋರಿರಬಾರದು.

ಯಾವ ಸಿಲಿಂಡರಿಗೂ ಕಿಡಿ ಇಲ್ಲದಿದ್ದರೆ ಎಲ್ಲ ಪ್ಲಗ್ಗುಗಳೂ ಒಟ್ಟಿಗೆ ಕೆಟ್ಟವೆಂದು ಭಾವಿಸುವುದು ಸರಿಯಲ್ಲ. ಎಲ್ಲಕ್ಕೂ ಸಮಾನವಾದ ಭಾಗವನ್ನು, ಅಂದರೆ ಫ್ಯೂಸು, ರಿಲೇ, ಕ್ರ್ಯಾಂಕ್ ಸೆನ್ಸರು, ಕಾಯಿಲ್ಲಿನ ವಿದ್ಯುತ್ ಪೂರೈಕೆಯನ್ನು ನೋಡಬೇಕು. 1984ರಿಂದ 2019ರ ವರೆಗೆ ತಯಾರಾದ ಮಾರುತಿ ಓಮ್ನಿಯ ಹಳೆಯ ಕಾರ್ಬ್ಯುರೇಟರ್ ಮಾದರಿಗಳಂತಹ ವಾಹನಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ತೇವ, ಸವೆದ ರೋಟರು, ಬಿರುಕು ಬಿಟ್ಟ ತಂತಿಗಳು ಮಳೆಗಾಲದಲ್ಲಿ ಇದೇ ದೂರನ್ನು ತರುತ್ತವೆ. ಅಲ್ಲಿ ಒಣ ಬಟ್ಟೆಯೇ ಮೊದಲ ಔಷಧ.

ಕಿಡಿ ಸರಿಯಿದ್ದರೆ ಇಂಧನದ ಕಡೆ ಹೋಗಬೇಕು. ಬಿಚ್ಚಿದ ಪ್ಲಗ್ಗು ಒಣಗಿದ್ದರೆ ಇಂಧನ ಬರುತ್ತಿಲ್ಲವೆಂದೂ, ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಬಂದರೂ ಉರಿಯುತ್ತಿಲ್ಲವೆಂದೂ ತಿಳಿಯಬೇಕು. ಇಂಧನ ಹೆಚ್ಚಾಗಿ ಪ್ಲಗ್ಗು ತೊಯ್ದಿದ್ದರೆ ಆಕ್ಸಿಲರೇಟರನ್ನು ಪೂರ್ತಿ ತುಳಿದು ಕೆಲವು ಸೆಕೆಂಡು ಸೆಲ್ಫ್ ಹೊಡೆಯಬೇಕು. ಇಂಜೆಕ್ಷನ್ ಇರುವ ಅನೇಕ ಕಾರುಗಳಲ್ಲಿ ಆಗ ಕಂಪ್ಯೂಟರು ಇಂಧನವನ್ನು ನಿಲ್ಲಿಸಿ ಗಾಳಿಯನ್ನಷ್ಟೇ ಒಳಗೆ ಬಿಡುತ್ತದೆ. ಪ್ಲಗ್ಗು ಒಣಗಿದ್ದರೆ ಪಂಪಿನ ಫ್ಯೂಸು, ರಿಲೇ, ಪಂಪಿಗೆ ಬರುವ ವಿದ್ಯುತ್ತು, ಕೊನೆಗೆ ಗೇಜ್ ಜೋಡಿಸಿ ಇಂಧನದ ಒತ್ತಡ ಎಂಬ ಕ್ರಮದಲ್ಲಿ ನೋಡಬೇಕು. ಸಾಮಾನ್ಯ ಎಂಪಿಎಫ್‌ಐ ಕಾರುಗಳಲ್ಲಿ ಈ ಒತ್ತಡ ಸುಮಾರು 2.5ರಿಂದ 4 ಬಾರ್ ಇರುತ್ತದೆ; ನಿಖರವಾದ ಅಂಕಿಯನ್ನು ಆಯಾ ಮಾದರಿಯ ಕೈಪಿಡಿಯಿಂದ ತಿಳಿಯಬೇಕು. ಕೆಲವು ಕಾರುಗಳಲ್ಲಿ ಅಪಘಾತದ ಹೊಡೆತಕ್ಕೆ ಪಂಪನ್ನು ನಿಲ್ಲಿಸುವ ಸ್ವಿಚ್ಚು ಇರುತ್ತದೆ. ತಗ್ಗು ರಸ್ತೆಯ ಬಲವಾದ ಕುಕ್ಕಿಗೂ ಅದು ಹಾರಬಹುದು. ಗುಂಡಿ ಒತ್ತಿದರೆ ಸರಿಹೋಗುತ್ತದೆ.

ಸಕ್ಕರೆ ಕಾರ್ಖಾನೆಗಳ ಈ ಸೀಮೆಗೆ ಹತ್ತಿರದ ವಿಷಯವೊಂದಿದೆ. ಕಬ್ಬಿನಿಂದಲೂ ತಯಾರಾಗುವ ಎಥೆನಾಲನ್ನು ಶೇಕಡಾ 20ರಷ್ಟು ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದಾದ್ಯಂತ ವ್ಯಾಪಿಸಿತು. ಎಥೆನಾಲಿಗೆ ನೀರನ್ನು ಹೀರುವ ಗುಣವಿದೆ. ಟ್ಯಾಂಕಿಗೆ ಮಿತಿಮೀರಿ ನೀರು ಸೇರಿದರೆ ನೀರು ಮತ್ತು ಎಥೆನಾಲು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಆಗ ಒತ್ತಡವೂ ಇರುತ್ತದೆ, ಕಿಡಿಯೂ ಇರುತ್ತದೆ, ಎಂಜಿನ್ ಮಾತ್ರ ಉರಿಯುವುದಿಲ್ಲ. ಟ್ಯಾಂಕಿನ ತಳದ ಇಂಧನವನ್ನು ಪಾರದರ್ಶಕ ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಇಟ್ಟರೆ ಎರಡು ಪದರಗಳು ಕಾಣುವುದರಿಂದ ದೋಷ ಪತ್ತೆಯಾಗುತ್ತದೆ. ಇದಕ್ಕೆ ಟ್ಯಾಂಕು ಸ್ವಚ್ಛಗೊಳಿಸುವುದೇ ಪರಿಹಾರ, ಹೊಸ ಪಂಪು ಅಲ್ಲ.

ಕಿಡಿ, ಇಂಧನ ಎರಡೂ ಸರಿಯಿದ್ದಾಗ ಮಾತ್ರ ಕಂಪ್ರೆಶನ್ ಮತ್ತು ಟೈಮಿಂಗ್ ಪರೀಕ್ಷೆಗೆ ಹೋಗಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಒತ್ತಡವಿರುತ್ತದೆ. ಎಲ್ಲ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಎಲ್ಲದರಲ್ಲಿಯೂ ಒಮ್ಮೆಲೇ ಒತ್ತಡ ಬಿದ್ದಿದ್ದರೆ ಬೆಲ್ಟು ಅಥವಾ ಚೈನು ಜಾರಿದೆಯೇ ಎಂದು ನೋಡಬೇಕು.

ಡೀಸೆಲ್ ಎಂಜಿನ್: ಗಾಳಿ, ನೀರು, ಶಾಖ

2005ರಲ್ಲಿ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನೊಂದಿಗೆ ಬಂದ ಟಾಟಾ ಏಸ್ ಮೊದಲಾಗಿ ಸಣ್ಣ ಸರಕು ವಾಹನಗಳು ಗ್ರಾಮೀಣ ವ್ಯಾಪಾರದ ರೂಪವನ್ನೇ ಬದಲಿಸಿದವು. ಹಳೆಯ ಬಗೆಯ ಡೀಸೆಲ್ ಎಂಜಿನ್ನುಗಳಲ್ಲಿ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಪೈಪಿನಲ್ಲಿ ಗಾಳಿ ಹಿಡಿದಿರುವುದು ಒಂದು. ಕೈಪಂಪು ಒತ್ತಿ, ಫಿಲ್ಟರಿನ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವ ವರೆಗೆ ಗಾಳಿ ತೆಗೆಯಬೇಕು. ಫಿಲ್ಟರಿನಲ್ಲಿ ನೀರು ನಿಂತಿರುವುದು ಎರಡು. ಕೆಳಗಿನ ತಿರುಪಿನಿಂದ ನೀರನ್ನು ಬಸಿಯಬೇಕು. ಎಂಜಿನ್ ಬಂದ್ ಮಾಡುವ ಸೊಲೆನಾಯ್ಡು ಇಂಧನವನ್ನು ಬಿಡದೇ ಇರುವುದು ಮೂರು.

ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಹೊಗೆಯೇ ಬರದಿದ್ದರೆ ಡೀಸೆಲು ಸಿಲಿಂಡರನ್ನು ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲು ಬರುತ್ತಿದೆ, ಉರಿಯುವಷ್ಟು ಶಾಖ ಇಲ್ಲ. ಆಗ ಹೀಟರ್ ಪ್ಲಗ್ಗು, ಸೆಲ್ಫಿನ ವೇಗ ಮತ್ತು ಕಂಪ್ರೆಶನ್ ಇವುಗಳ ಕಡೆ ಗಮನ ಹೋಗಬೇಕು. ಹೀಟರ್ ಪ್ಲಗ್ಗಿರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯುವುದು ಅಪಾಯಕರ. ಸ್ಫೋಟದಿಂದ ಪಿಸ್ಟನ್ನು ಒಡೆಯಬಹುದು.

ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಮಾತ್ರ ಹಳೆಯ ರೀತಿ ಸಲ್ಲದು. ಅವುಗಳ ಪೈಪಿನಲ್ಲಿ 1,000 ಬಾರ್‌ಗೂ ಮೀರಿದ ಒತ್ತಡ ಇರಬಲ್ಲದು. ನೋಝಲ್ಲಿನ ಪೈಪನ್ನು ಸಡಿಲಿಸಿ ಡೀಸೆಲು ಬರುತ್ತದೆಯೇ ಎಂದು ನೋಡಲು ಹೋದರೆ ಸೂಜಿಯಂತಹ ಧಾರೆಯು ಚರ್ಮವನ್ನು ಭೇದಿಸಿ ಒಳಹೊಕ್ಕು ಬೆರಳು ಕತ್ತರಿಸುವ ಸ್ಥಿತಿ ಬರಬಹುದು. ಇಲ್ಲಿ ರೈಲಿನ ಒತ್ತಡವನ್ನು ಸ್ಕ್ಯಾನರಿನಲ್ಲಿಯೇ ಓದಬೇಕು.

ಸ್ಕ್ಯಾನರು ಹೇಳುವುದೇನು, ಹೇಳದೇ ಇರುವುದೇನು

2013ರ ನಂತರದ ಹೆಚ್ಚಿನ ಕಾರುಗಳಲ್ಲಿ ಸ್ಟೇರಿಂಗಿನ ಕೆಳಭಾಗದಲ್ಲಿ 16 ಪಿನ್ನಿನ ಸಾಕೆಟ್ಟು ಇದ್ದು, ಅದಕ್ಕೆ ಸ್ಕ್ಯಾನರು ಜೋಡಿಸಿದರೆ ದೋಷದ ಸಂಕೇತಗಳು ಸಿಗುತ್ತವೆ. ಪಿ0335 ಎಂಬುದು ಕ್ರ್ಯಾಂಕ್ ಸೆನ್ಸರಿನ ಸರ್ಕಿಟ್ಟಿಗೂ, ಪಿ0340 ಎಂಬುದು ಕ್ಯಾಮ್ ಸೆನ್ಸರಿನ ಸರ್ಕಿಟ್ಟಿಗೂ, ಪಿ0087 ಎಂಬುದು ಇಂಧನದ ಒತ್ತಡ ಕಡಿಮೆಯಾದುದಕ್ಕೂ ಸಂಬಂಧಿಸಿದೆ. ಇಲ್ಲಿ "ಸರ್ಕಿಟ್ಟು" ಎಂಬ ಮಾತು ಮುಖ್ಯ. ಸಂಕೇತವು ಸೆನ್ಸರು ಕೆಟ್ಟಿದೆ ಎಂದು ಹೇಳುವುದಿಲ್ಲ; ಆ ದಾರಿಯಲ್ಲಿ ದೋಷವಿದೆ ಎಂದು ಹೇಳುತ್ತದೆ. ತಂತಿ ಹರಿದಿರಬಹುದು, ಜೋಡಣೆಯಲ್ಲಿ ತುಕ್ಕು ಹಿಡಿದಿರಬಹುದು. ಸಂಕೇತವನ್ನು ನೋಡಿದೊಡನೆ ಸೆನ್ಸರು ಕೊಳ್ಳುವುದು ಅನುಮಾನದ ಖರೀದಿಯೇ ಆಗುತ್ತದೆ. ದೋಷದ ಸಂಕೇತವೇ ಇಲ್ಲದಿದ್ದರೆ ದೋಷವಿಲ್ಲವೆಂದೂ ಅರ್ಥವಲ್ಲ. ಟ್ಯಾಂಕಿನ ನೀರನ್ನು ಯಾವ ಸ್ಕ್ಯಾನರೂ ನೇರವಾಗಿ ಕಾಣಲಾರದು.

ಪ್ರವಾಹದಲ್ಲಿ ನಿಂತ ವಾಹನ

2005, 2019 ಮತ್ತು 2021ರ ಪ್ರವಾಹಗಳನ್ನು ಕಂಡ ಕೃಷ್ಣಾ ತೀರದವರಿಗೆ ಈ ನಿಯಮ ಪ್ರತ್ಯೇಕವಾಗಿ ಹೇಳಬೇಕಾದದ್ದು: ನೀರಿನಲ್ಲಿ ಮುಳುಗಿದ ವಾಹನಕ್ಕೆ ಸೆಲ್ಫ್ ಹೊಡೆಯಲೇಬಾರದು, ದೂಡಿ ಸ್ಟಾರ್ಟ್ ಮಾಡಲೂಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದಾಗ ಎಂಜಿನ್ ತಿರುಗಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಬ್ಯಾಟರಿಯ ತಂತಿ ಕಳಚಿ, ವಾಹನವನ್ನು ಹೊತ್ತು ಸಾಗಿಸಿ, ಪ್ಲಗ್ಗು ಅಥವಾ ನೋಝಲ್ಲು ಬಿಚ್ಚಿ ನೀರು ಹೊರತೆಗೆದ ಮೇಲೆಯೇ ಮುಂದಿನ ಕೆಲಸ. ಸಮಗ್ರ ವಿಮೆಯು ಪ್ರವಾಹದ ಹಾನಿಯನ್ನು ಒಳಗೊಂಡರೂ, ನೀರು ಹೊಕ್ಕ ಎಂಜಿನ್ನನ್ನು ತಿರುಗಿಸಿದ್ದರಿಂದ ಆದ ಹಾನಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಷರತ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ನದಿ ತೀರದ ವ್ಯಾಪಾರಸ್ಥರು ವಿಮೆ ನವೀಕರಿಸುವಾಗ ಈ ಅಂಶವನ್ನು ಓದಿಕೊಳ್ಳುವುದು ಲೇಸು.

ಒಂದು ಉದಾಹರಣೆ

ಕ್ರಮದ ಪ್ರಯೋಜನವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ದಿಗ್ಗೇವಾಡಿಯ ಕಿರಾಣಿ ವ್ಯಾಪಾರಸ್ಥರೊಬ್ಬರ ಪೆಟ್ರೋಲ್ ವ್ಯಾನು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದು ಇಟ್ಟುಕೊಳ್ಳೋಣ. ಸೆಲ್ಫ್ ಚುರುಕಾಗಿ, ತಾಳಬದ್ಧವಾಗಿ ತಿರುಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.4 ವೋಲ್ಟ್ ತೋರಿಸುತ್ತದೆ. ಬ್ಯಾಟರಿ, ಸೆಲ್ಫ್ ಮೋಟಾರು, ಟೈಮಿಂಗ್ ಬೆಲ್ಟು ಈ ಮೂರರ ಮೇಲಿನ ಸಂಶಯ ಬಹುಮಟ್ಟಿಗೆ ಹೋಯಿತು. ಚಾವಿಯ ದೀಪ ಆರುತ್ತದೆ, ಇಮೊಬಿಲೈಸರು ಸರಿಯಿದೆ. ಪಂಪಿನ ಶಬ್ದ ಮಾತ್ರ ಕೇಳುವುದಿಲ್ಲ.

ಇಲ್ಲಿ ಹಲವರು ಹೊಸ ಪಂಪಿಗೆ ಹೇಳಿಕಳುಹಿಸುತ್ತಾರೆ. ಕ್ರಮಬದ್ಧವಾಗಿ ಹೋಗುವ ಮಿಸ್ತ್ರಿ ಮೊದಲು ಫ್ಯೂಸು ನೋಡುತ್ತಾನೆ, ಅದು ಸರಿಯಿದೆ. ಪಂಪಿನ ರಿಲೇಯನ್ನು ತೆಗೆದು ಅದೇ ನಂಬರಿನ ಹಾರ್ನ್ ರಿಲೇಯನ್ನು ಆ ಜಾಗದಲ್ಲಿ ಹಾಕುತ್ತಾನೆ. ಪಂಪು ಶಬ್ದ ಮಾಡಿ ಎಂಜಿನ್ ಸ್ಟಾರ್ಟ್ ಆದರೆ ದೋಷ ರಿಲೇಯದು. ನೂರಾರು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಆಗದಿದ್ದರೆ ಸಹಾಯಕನಿಗೆ ಸೆಲ್ಫ್ ಹೊಡೆಯಲು ಹೇಳಿ ಪಂಪಿನ ಜೋಡಣೆಯಲ್ಲಿ ಟೆಸ್ಟ್ ಲ್ಯಾಂಪು ಹಿಡಿಯುತ್ತಾನೆ. ಲ್ಯಾಂಪು ಪ್ರಖರವಾಗಿ ಹತ್ತಿ, ಅರ್ಥ್ ಕೂಡ ಸರಿಯಿದ್ದು ಪಂಪು ತಿರುಗದಿದ್ದರೆ ಪಂಪು ಕೆಟ್ಟಿದೆ. ಆಗ ಸಾವಿರಾರು ರೂಪಾಯಿಯ ಖರೀದಿಗೆ ಆಧಾರವಿದೆ. ಲ್ಯಾಂಪು ಹತ್ತದಿದ್ದರೆ ದೋಷ ತಂತಿಯಲ್ಲಿದೆ. ಹೊಸ ಪಂಪು ಹಾಕಿದ್ದರೂ ವ್ಯಾನು ನಿಂತಲ್ಲೇ ನಿಲ್ಲುತ್ತಿತ್ತು. ಒಂದೇ ಲಕ್ಷಣಕ್ಕೆ ಮೂರು ಬೇರೆ ಕಾರಣ, ಮೂರು ಬೇರೆ ಬೆಲೆ. ಅವುಗಳನ್ನು ಬೇರ್ಪಡಿಸಿದ್ದು ಹತ್ತು ನಿಮಿಷದ ಪರೀಕ್ಷೆ.

ವ್ಯವಹಾರದಲ್ಲಿ ಅನುಸರಿಸಬೇಕಾದ ಪದ್ಧತಿ

ವಾಹನದ ಮಾಲೀಕರು ಗ್ಯಾರೇಜಿನಲ್ಲಿ "ಯಾವ ಭಾಗ ಹಾಕಬೇಕು" ಎಂದು ಕೇಳುವ ಮೊದಲು "ಯಾವ ಪರೀಕ್ಷೆಯಿಂದ ಇದು ಕೆಟ್ಟಿದೆ ಎಂದು ತಿಳಿಯಿತು" ಎಂದು ಕೇಳಬೇಕು. ಪರೀಕ್ಷೆಯ ಮಜೂರಿಯನ್ನು ಮನಸಾರೆ ಕೊಡಬೇಕು. ಮಿಸ್ತ್ರಿಯ ವಿದ್ಯೆಗೆ ಬೆಲೆ ಕೊಡದೆ ಬಿಡಿಭಾಗಕ್ಕಷ್ಟೇ ಬೆಲೆ ಕೊಡುವ ಗಿರಾಕಿಯು ತಾನಾಗಿಯೇ ಅನುಮಾನದ ದುರಸ್ತಿಗೆ ದಾರಿ ಮಾಡಿಕೊಡುತ್ತಾನೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಪ್ರತಿ ವಾಹನಕ್ಕೆ ಒಂದು ವಹಿ ಇಟ್ಟು, ತಾರೀಖು, ಕಿಲೋಮೀಟರು, ಲಕ್ಷಣ, ಕಂಡುಬಂದ ದೋಷ, ಖರ್ಚು ಇವನ್ನು ಬರೆದಿಟ್ಟರೆ ಮುಂದಿನ ಬಾರಿ ಅರ್ಧ ದಾರಿ ಸವೆದಂತೆಯೇ.

ಬಿಡಿಭಾಗದ ವ್ಯಾಪಾರಸ್ಥರಿಗೂ ಇದರಲ್ಲಿ ಹಿತವಿದೆ. ಒಮ್ಮೆ ಜೋಡಿಸಿದ ವಿದ್ಯುತ್ ಭಾಗಗಳನ್ನು ವಾಪಸು ಪಡೆಯುವುದು ಕಷ್ಟ. ಅದರಿಂದ ಮನಸ್ತಾಪ ಬೆಳೆಯುತ್ತದೆ. ಮಾರುವ ಮೊದಲು ಯಾವ ಪರೀಕ್ಷೆ ಆಗಿದೆ ಎಂದು ವಿಚಾರಿಸುವ ಅಂಗಡಿಗೆ ಒಂದು ದಿನದ ಮಾರಾಟ ಕಡಿಮೆಯಾದೀತು, ಗಿರಾಕಿ ಮಾತ್ರ ವರ್ಷಗಟ್ಟಲೆ ಉಳಿಯುತ್ತಾನೆ. ತೂಗಿ ನೋಡದೆ ಸರಕು ಕೊಳ್ಳದ ವ್ಯಾಪಾರಸ್ಥನು ಪರೀಕ್ಷೆಯಿಲ್ಲದೆ ಬಿಡಿಭಾಗವನ್ನೂ ಕೊಳ್ಳಬಾರದು.